ಮೊಸರು, ಕಬ್ಬು, ನಿಂಬೆ ಮತ್ತು ನಮ್ಮತ್ತೆಯ ಬೆರಳು

ಯಾವ ಪದವನ್ನಾದರೂ ಕೊಡಿ, ಬಿಡಿಸಿ ಅರ್ಥ ಹೇಳುತ್ತೇನೆ. ಇದು ಜಂಬವಲ್ಲ, ಕಸುಬು. ಇಪ್ಪತ್ತಾರು ವರ್ಷದಿಂದ ಯಳಂದೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೇನೆ. ಕೊಳ್ಳೇಗಾಲದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬಸ್ಸಿನಲ್ಲೂ ಸುಮ್ಮನೆ ಕೂರುವ ಆಸಾಮಿಯಲ್ಲ. ಪಕ್ಕದವರ ಕೈಯಲ್ಲಿ ಮಾತ್ರೆ ಚೀಟಿ ಇರಲಿ, ಬ್ಯಾಂಕಿನ ಕಾಗದ ಇರಲಿ, ಇಸಿದುಕೊಂಡು ಓದಿ, ಅರ್ಥ ಹೇಳಿಯೇ ಇಳಿಯುವುದು. ಕೇಳಿದವರಿಗೆ ಹೇಳುತ್ತೇನೆ, ಕೇಳದವರಿಗೆ ಇನ್ನೂ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಹನೂರಿನಿಂದ ಯಳಂದೂರಿನ ತನಕ ನನ್ನಿಂದ ಜ್ಞಾನ ಪಡೆದವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಕೆಲವರು ಈಗ ಬೇರೆ ಬಸ್ಸಿಗೆ ಹೋಗುತ್ತಾರೆ.

ಇಂಥ ನನ್ನ ಕೈಗೆ ನಮ್ಮತ್ತೆಯ ಬೆರಳು ಸಿಕ್ಕಿತು.

ಅತ್ತೆ ಪುಟ್ಟತಾಯಮ್ಮ ಮಧುವನಹಳ್ಳಿಯಲ್ಲಿ ಮಗ ಮಾದೇವನ ಜೊತೆ ಇದ್ದಾರೆ. ವಯಸ್ಸು ಎಪ್ಪತ್ತರ ಮೇಲೆ, ಬಾಯಿ ಮಾತ್ರ ಇನ್ನೂ ಇಪ್ಪತ್ತೈದರದು. ಹುಡುಗಿಯಾಗಿದ್ದಾಗಿನಿಂದ ಮೂವತ್ತು ವರ್ಷ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡಿದವರು. ಬಿಸಿ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ, ಅದರೊಳಗೆ ಬೆರಳಾಡಿಸಿ ಎಳೆ ಹುಡುಕಿ ತೆಗೆಯಬೇಕು. ಆ ನೀರು ಅವರ ಬೆರಳಿನ ಗೆರೆಗಳನ್ನೂ ಒಂದೊಂದಾಗಿ ತೆಗೆದುಕೊಂಡುಬಿಟ್ಟಿತ್ತು. ಉಳಿದದ್ದರ ಮೇಲೆ ಬಿರುಕುಗಳು ಅಡ್ಡಾದಿಡ್ಡಿ ಹರಿದಾಡುತ್ತಿದ್ದವು.

ದಸರಾ ರಜೆಯ ಎರಡನೇ ದಿನ ಅತ್ತೆ ಒಂದು ಬ್ಯಾಗು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮುಖ ಊದಿತ್ತು. ಕಣ್ಣಿಗೆ ಪೊರೆ ಆಪರೇಷನ್ನಿನ ಕಪ್ಪು ಕನ್ನಡಕ ಬೇರೆ.

"ರೇಷನ್ ಅಂಗಡೀಲಿ ನನ್ ತಂಬು ತಕ್ಕತಾ ಇಲ್ಲ ಕನ ಗಿರ್ಜಾ" ಅಂದರು ನನ್ನ ಹೆಂಡತಿಗೆ. ತಂಬು ಎಂದರೆ ಮಿಷನ್ನಿಗೆ ಒತ್ತುವ ಬೆರಳ ಗುರುತು. "ಮೂರ್ ಸಲ ಓಗಿ ಬಂದೆ. ತಿಂಗ್ಳ ಕೊನೆಗಂಟ ತಂಬು ಕೊಡ್ದೆ ಓದ್ರೆ ಕಾರ್ಡಿಂದ ಎಸ್ರು ತಗುದಾಕ್ತರಂತೆ."

"ಅಕ್ಕಿಗೇನು ಬರ ಬಂತಾ ಅವ್ವ? ಮಾದೇವ ಇದಾನೆ, ನಾವಿದೀವಿ" ಅಂದಳು ಗಿರಿಜಾ.

"ಅಕ್ಕಿ ಯಾರ್ಗ್ ಬೇಕು? ನಮ್ ಬೀದಿ ಸಾಕಮ್ಮನ ಎಸ್ರು ಇಂಗೇ ಓಯ್ತು. ಆಮೇಲ್ ಎಲ್ ಓದ್ರೂ ನೀನು ಇಲ್ಲ, ನೀನು ಇಲ್ಲ ಅಂತಾರೆ. ಎದ್ರುಗೇ ನಿಂತವ್ಳೆ, ಇಲ್ಲ ಅಂತಾರೆ. ಅವ್ಳು ನಾನ್ ಬದುಕಿವ್ನಿ ಅಂತ ಅರ್ಜಿ ಬರುಸ್ಕಂಡು ತಿರುಗ್ತಾವ್ಳೆ. ನಂಗೆ ಆ ಗತಿ ಬ್ಯಾಡ ಕನವ್ವ. ಸತ್ತಾಗ ತಗುದಾಕ್ಲಿ, ಬದುಕಿರೋಗಂಟ ನನ್ ಎಸ್ರು ಅಲ್ಲಿರ್ಬೇಕು."

ಈ ಮಾತು ಹೇಳುತ್ತ ಅತ್ತೆ ಬ್ಯಾಗನ್ನು ಎದೆಗೆ ಅವುಚಿಕೊಂಡರು. ಯಾವತ್ತೂ ಯಾರಿಗೂ ಹೆದರದ ಹೆಂಗಸು. ನನಗೆ ನಿಜವಾಗಿಯೂ ಪಾಪ ಅನ್ನಿಸಿತು. ಕಣ್ಣಿನ ಗುರುತು ಕೊಡೋಣವೆಂದರೆ, ಇನ್ನೊಂದು ತಿಂಗಳು ಕಣ್ಣಿನ ತಂಟೆಗೆ ಹೋಗಕೂಡದೆಂದು ಡಾಕ್ಟರು ಹೇಳಿದ್ದರು. ಮಾದೇವನಿಗೆ ಕಬ್ಬಿನ ಕಟಾವು. ಕುಂತೂರಿನ ಫ್ಯಾಕ್ಟರಿ ಮುಂದೆ ಟ್ರ್ಯಾಕ್ಟರಿನಲ್ಲೇ ಅವನ ಸಂಸಾರ. ಇನ್ನು ಉಳಿದವನು ಯಾರು? ಅಳಿಯ. ತಿಂಗಳು ಮುಗಿಯಲು ಹನ್ನೊಂದು ದಿನ ಇತ್ತು.

"ಅತ್ತೆ, ಇದು ಚರ್ಮದ ಪ್ರಶ್ನೆ" ಅಂದೆ. "ಬಿರುಕು ಹೋದರೆ ಗೆರೆ ಕಾಣುತ್ತೆ, ಗೆರೆ ಕಂಡರೆ ಮಿಷನ್ ಒಪ್ಪುತ್ತೆ. ಹತ್ತು ದಿನ ಇಲ್ಲೇ ಇರಿ. ಜವಾಬ್ದಾರಿ ನನ್ನದು."

ಗಿರಿಜಾ ಗಾಬರಿಯಿಂದ ನನ್ನ ಮುಖ ನೋಡಿದಳು. ಹಿಂದೊಮ್ಮೆ ಮಿಕ್ಸಿ ರಿಪೇರಿಯ ಜವಾಬ್ದಾರಿ ತೆಗೆದುಕೊಂಡಾಗಲೂ ಹೀಗೇ ನೋಡಿದ್ದಳು.

ಸಂಜೆ ಮೆಡಿಕಲ್ ಶಾಪಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಹಳೇ ವಿದ್ಯಾರ್ಥಿನಿ ಭಾಗ್ಯ. ವಿಷಯ ಕೇಳಿದವಳೇ ಒಂದು ಚಿಕ್ಕ ಡಬ್ಬಿ ಇಟ್ಟಳು. "ಸಾ, ಇದು ಪೆಟ್ರೋಲಿಯಂ ಜೆಲ್ಲಿ. ದಿನಾ ಹಚ್ಚಿ, ಸಾಕು."

"ಏನಂದೆ? ಪದ ಬಿಡಿಸು" ಅಂದೆ.

"ಸಾ?"

"ಪೆಟ್ರೋಲಿಯಂ. ಅದರಲ್ಲಿ ಪೆಟ್ರೋಲ್ ಇದೆ ತಾನೇ? ನಮ್ಮತ್ತೆಗೆ ಬೀಡಿ ಸೇದೋ ಅಭ್ಯಾಸ ಇದೆ, ಗೊತ್ತಾ ನಿನಗೆ?"

ಭಾಗ್ಯ ಇನ್ನೊಂದು ಟ್ಯೂಬು ತೆಗೆದಳು. "ಹಾಗಾದ್ರೆ ಇದು ಸಾ. ಚರ್ಮ ಗಟ್ಟಿಯಾಗಿ ಬಿರುಕು ಬಿಟ್ಟಿದ್ರೆ ತುಂಬಾ ಒಳ್ಳೇದು."

ಟ್ಯೂಬಿನ ಹಿಂಭಾಗ ಓದಿದೆ. ಮೊದಲ ಸಾಲಿನಲ್ಲೇ ಯೂರಿಯಾ. ನನಗೆ ಸಿಟ್ಟು ನೆತ್ತಿಗೇರಿತು. "ಭಾಗ್ಯ, ನಮ್ಮತ್ತೆ ಮನುಷ್ಯರು. ಕಬ್ಬಿನ ಗದ್ದೆ ಅಲ್ಲ."

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ನನ್ನ ಮಾತಿನ ಚಾತುರ್ಯಕ್ಕೆ ನಕ್ಕರೆಂದು ತಿಳಿದು ನಾನೂ ನಕ್ಕೆ. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು: ಆ ಸಂಜೆ ಆ ಅಂಗಡಿಯಲ್ಲಿ ಅತ್ತೆಯ ಬೆರಳಿಗೆ ಸರಿಹೋಗುವ ವಸ್ತು ಎರಡೇ ಎರಡಿದ್ದವು. ಎರಡನ್ನೂ ನಾನು ವ್ಯಾಕರಣದ ಬಲದಿಂದ ತಿರಸ್ಕರಿಸಿದೆ.

ಆಮೇಲೆ ನಾನೇ ಒಳಗೆ ನುಗ್ಗಿ ಶೆಲ್ಫು ಶೋಧಿಸಿದೆ. ಫೋನನ್ನು ಡಬ್ಬಿಯ ಮುಂದೆ ಹಿಡಿದರೆ ಇಂಗ್ಲಿಷೆಲ್ಲ ಕನ್ನಡವಾಗುತ್ತದೆ, ಅದನ್ನು ನನ್ನ ಮಗಳು ಕಲಿಸಿಕೊಟ್ಟಿದ್ದಾಳೆ. ಒಂದು ಕ್ರೀಮಿನ ಮೇಲೆ ರೇಷ್ಮೆಯ ಪ್ರೋಟೀನ್ ಎಂದಿತ್ತು. ಕೊಳ್ಳೇಗಾಲದವನಾಗಿ ಅದನ್ನು ಬಿಡಲಾದೀತೇ? ಅದೊಂದು ತೆಗೆದುಕೊಂಡೆ. ಅದರ ಪಕ್ಕದಲ್ಲಿ, ಬಣ್ಣದ ಪೊಟ್ಟಣದೊಳಗೆ, ನಾನು ಹುಡುಕುತ್ತಿದ್ದ ನಿಧಿ ಕೂತಿತ್ತು. ಒರಟು ಹಿಮ್ಮಡಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕಾಲುಚೀಲ, ಒಳಗೆ ಜೆಲ್. ಫೋನು ಹೀಗೆ ತರ್ಜುಮೆ ಮಾಡಿತು: ಲ್ಯಾಕ್ಟಿಕ್ ಆಮ್ಲ, ಗ್ಲೈಕೋಲಿಕ್ ಆಮ್ಲ, ಸಿಟ್ರಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲ. ಸತ್ತ ಚರ್ಮ ಹೋಗಿ ಏಳು ದಿನದಲ್ಲಿ ಮಗುವಿನಂಥ ಚರ್ಮ.

ಒಂದೊಂದನ್ನೇ ಫೋನಿನಲ್ಲಿ ಹುಡುಕಿದೆ. ಲ್ಯಾಕ್ಟಿಕ್ ಇರುವುದು ಮೊಸರಿನಲ್ಲಿ. ಗ್ಲೈಕೋಲಿಕ್ ಕಬ್ಬಿನಲ್ಲಿ. ಸಿಟ್ರಿಕ್ ನಿಂಬೆಯಲ್ಲಿ. ಸ್ಯಾಲಿಸಿಲಿಕ್ ಯಾವುದೋ ಮರದ ತೊಗಟೆಯಲ್ಲಿ. ಮೊಸರು, ಕಬ್ಬು, ನಿಂಬೆ, ತೊಗಟೆ! ಇದು ಔಷಧಿಯಲ್ಲ, ನಮ್ಮ ಹಿತ್ತಲು.

"ಸಾ, ಅದು ಕಾಲಿಗೆ" ಅಂದಳು ಭಾಗ್ಯ. "ಅದೂ ಚರ್ಮ ಸುಲಿಯೋಕೆ."

"ಕಾಲಿನ ಚರ್ಮ ಬೇರೆ, ಕೈಯ ಚರ್ಮ ಬೇರೆ ಅಂತ ಯಾವ ಪುಸ್ತಕದಲ್ಲಿದೆ?" ಎಂದು ಕೇಳಿದೆ. ಪಾಪ, ಒಂಬತ್ತನೇ ಕ್ಲಾಸಿನಲ್ಲಿ ಸಮಾಸ ತಪ್ಪಿದ್ದಕ್ಕೆ ನನ್ನ ಕೈಲಿ ಬೈಸಿಕೊಂಡವಳು. ಬಿಲ್ಲು ಬರೆದಳು. ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿಯ ಕೆಳಗೆ ಇನ್ನೂ ಎರಡು ಸಾಲು ಸಣ್ಣಕ್ಷರದಲ್ಲಿದ್ದವು. ಪಟ್ಟಿ ಅರ್ಥವಾದ ಮೇಲೆ ಟಿಪ್ಪಣಿ ಓದುವುದು ದಡ್ಡರ ಲಕ್ಷಣ ಎಂದು ನಾನು ಅದನ್ನು ಓದಲಿಲ್ಲ.

ಮನೆಗೆ ಬಂದು ಮೊದಲು ರೇಷ್ಮೆಯ ಕ್ರೀಮು ಅತ್ತೆಯ ಕೈಗೆ ಕೊಟ್ಟೆ. "ನೋಡಿ ಅತ್ತೆ, ನಿಮ್ಮ ರೇಷ್ಮೆ ಈಗ ಮುಖಕ್ಕೆ ಹಚ್ಚೋ ಮಟ್ಟಕ್ಕೆ ಬಂದಿದೆ. ಚರ್ಮ ರೇಷ್ಮೆಯಂಗೆ ಆಗುತ್ತಂತೆ."

ಅತ್ತೆ ಮೂಸಿ ನೋಡಿದರು. "ಗೂಡ್ ಬೇಯ್ಸಿದ್ ನೀರಾ ಇದು? ಮೂವತ್ ವರ್ಸ ಅದ್ರೊಳ್ಗೇ ಕೈ ಮಡಗಿದ್ದೆ ಕನಪ್ಪ. ಅಂಗಾರೆ ನಾನು ಇಸ್ಟೊತ್ಗೆ ರಾಣಿಯಂಗ್ ಇರ್ಬೇಕಿತ್ತು." ಟ್ಯೂಬನ್ನು ಗಿರಿಜಾಳ ಮಡಿಲಿಗೆ ಎಸೆದರು. "ನನ್ ಗೆರೆ ತಿಂದಿದ್ದೇ ಆ ನೀರು."

ರೇಷ್ಮೆಯ ಅಧ್ಯಾಯ ಅಲ್ಲಿಗೆ ಮುಗಿಯಿತು. ಆಮೇಲೆ ಹಿತ್ತಲಿನ ಅಧ್ಯಾಯ ಶುರು ಮಾಡಿದೆ.

"ಇದರಲ್ಲಿ ಬರೀ ಆಮ್ಲಗಳು ಇವೆ ಅತ್ತೆ."

"ಆಮ್ಲಾನಾ? ನೆಲ್ಲಿಕಾಯಾ? ಗಿರ್ಜಾ ತಲೆಗೆ ಆಮ್ಲಾ ಎಣ್ಣೆ ಆಕತಾಳಲ್ಲ, ಅದಾ?"

ತಿದ್ದಬೇಕಿತ್ತು. ಆಮ್ಲ ಬೇರೆ, ಆಮ್ಲಾ ಬೇರೆ. ದೀರ್ಘ ಒಂದಕ್ಕೆ ಇಡೀ ಅರ್ಥವೇ ತಿರುಗಿಬೀಳುತ್ತದೆ ಎಂದು ಮಕ್ಕಳಿಗೆ ದಿನಾ ಬಡಿದುಕೊಳ್ಳುವವನು ನಾನು. ಆದರೆ ಅತ್ತೆ ನೆಲ್ಲಿಕಾಯಿ ಎಂದುಕೊಂಡು ಒಪ್ಪಿಕೊಳ್ಳುವ ಹಾಗೆ ಕಂಡರು. "ಹೂಂ, ಹೆಚ್ಚುಕಮ್ಮಿ ಹಂಗೇ" ಅಂದುಬಿಟ್ಟೆ.

"ಅಂಗಾರೆ ಮೊದ್ಲು ನೀವ್ ಆಕಳಿ."

"ನಾನ್ಯಾಕೆ?"

"ಊರ್ಗೆಲ್ಲ ಬುದ್ಧಿ ಹೇಳೋರು, ನೀವ್ ಆಕಂಡ್ರೆ ತಾನೇ ನಂಗ್ ಧೈರ್ಯ."

ಅಳಿಯನ ಮರ್ಯಾದೆಯ ಪ್ರಶ್ನೆ. ಚೀಲದೊಳಕ್ಕೆ ಎರಡೂ ಹೆಬ್ಬೆರಳು ಅದ್ದಿ ಜೆಲ್ ಸವರಿಕೊಂಡೆ. ಸ್ವಲ್ಪ ಚುರುಗುಟ್ಟಿತು. ಸಿಟ್ರಿಕ್, ನಿಂಬೆಹಣ್ಣು, ಚುರುಗುಟ್ಟದೆ ಇನ್ನೇನು ಮಾಡೀತು? ಅತ್ತೆ ನನ್ನ ಮುಖ ನೋಡುತ್ತಿದ್ದರು. ನಾನು ನಕ್ಕೆ. ಬಹಳ ಕಷ್ಟಪಟ್ಟು ನಕ್ಕೆ.

ಯಾವ ಬೆರಳನ್ನು ಮಿಷನ್ ಮೆಚ್ಚುತ್ತದೋ ಯಾರಿಗೆ ಗೊತ್ತು, ಹತ್ತಕ್ಕೆ ಹತ್ತೂ ಹದವಾಗಲಿ ಎಂಬುದು ನನ್ನ ಯೋಜನೆ. ಮಾರನೆಯ ಬೆಳಗ್ಗೆ ಅತ್ತೆ ಚೀಲಕ್ಕೆ ಕೈ ಹಾಕಲು ಬಂದಾಗ ಎಡಗೈಯ ಉಂಗುರದ ಬೆರಳಿಗೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿತ್ತು. "ಸೊಪ್ ಕುಯ್ವಾಗ ಈಳಿಗೆ ಮಣೆ ತಾಗ್ತು" ಅಂದರು. ಗಾಯಕ್ಕೆ ನಿಂಬೆ ಬೇಡವೆಂದು ಬಿಟ್ಟೆ. ಒಂಬತ್ತು ಬೆರಳಾದರೇನು, ಒಂಬತ್ತು ಅವಕಾಶ ಇದ್ದೇ ಇದೆಯಲ್ಲ.

ಜಗಲಿಯ ಮೇಲೆ ಅತ್ತೆ ಎರಡೂ ಕೈಗೆ ಕಾಲುಚೀಲ ತೊಟ್ಟು, ಕಪ್ಪು ಕನ್ನಡಕ ಹಾಕಿಕೊಂಡು ಒಂದು ಗಂಟೆ ಕೂತರು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಎದುರು ಮನೆಯ ಜಯಮ್ಮ ಬಂದು, "ಯಾನಾಯ್ತು ಅಜ್ಜಿ, ಕೈ ಸುಟ್ಕಂಡ್ರಾ?" ಎಂದು ಕೇಳಿದಳು.

"ಇನ್ನೂ ಇಲ್ಲ" ಅಂದರು ಅತ್ತೆ.

ಚೀಲದಲ್ಲಿ ಜೆಲ್ ಬಹಳ ಉಳಿದಿತ್ತು. ಒಂದೇ ಸಲ ಬಳಸಬೇಕೆಂದು ಬರೆದಿತ್ತಂತೆ, ಅದೂ ಆ ಸಣ್ಣಕ್ಷರದ ಸಾಲುಗಳಲ್ಲೇ. ವಸ್ತುವನ್ನು ವ್ಯರ್ಥ ಮಾಡುವುದು ನನ್ನ ಜಾಯಮಾನವಲ್ಲ. ಇನ್ನೂ ಎರಡು ದಿನ ಅತ್ತೆಯ ಕೈಯನ್ನು ಅದರಲ್ಲಿ ಕೂರಿಸಿದೆ. ಪ್ರತಿಸಲವೂ ಅತ್ತೆ, "ಮೊದ್ಲು ನೀವು" ಎಂದರು. ಪ್ರತಿಸಲವೂ ನಾನು ಹೆಬ್ಬೆರಳು ಅದ್ದಿದೆ.

ಐದನೆಯ ದಿನ ಫಲ ಕಂಡಿತು. ಅತ್ತೆಯ ಬೆರಳ ತುದಿಯಿಂದ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳತೊಡಗಿತು. ನನ್ನ ಹೆಬ್ಬೆರಳೂ ಹಾಗೇ. ಗಿರಿಜಾ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ರೀ, ಏನ್ರೀ ಇದು, ಹಾವು ಪೊರೆ ಬಿಟ್ಟಂಗೆ?"

"ಹಳೇದು ಹೋಗ್ತಿದೆ ಗಿರಿಜಾ. ಹಳೇದು ಹೋಗದೆ ಹೊಸದು ಬರಲ್ಲ. ಪೊಟ್ಟಣದಲ್ಲೇ ಬರೆದಿದೆ."

ಅವಳು ಕಸದ ಬುಟ್ಟಿಯಿಂದ ಪೊಟ್ಟಣ ಎತ್ತಿ, ಕನ್ನಡಕ ಹಾಕಿಕೊಂಡು, ನಾನು ಬಿಟ್ಟಿದ್ದ ಎರಡು ಸಾಲು ಓದಿದಳು. "ಪಾದಕ್ಕೆ ಮಾತ್ರ. ಒಂದೇ ಸಲ ಬಳಸಿ. ಬಿರುಕು ಬಿಟ್ಟ ಚರ್ಮಕ್ಕೆ ಬಳಸಬಾರದು. ಅಂದ್ರೆ ನೀವು ಮಾಡಬಾರದ್ದು ಯಾವುದನ್ನೂ ಬಿಟ್ಟಿಲ್ಲ."

ಪೊಟ್ಟಣವನ್ನು ಇಸಿದುಕೊಂಡು ಮತ್ತೆ ಬುಟ್ಟಿಗೆ ಹಾಕಿದೆ. ಎಂಟನೆಯ ದಿನದ ಹೊತ್ತಿಗೆ ಸುಲಿಯುವುದೆಲ್ಲ ಸುಲಿದು, ಅತ್ತೆಯ ಒಂಬತ್ತು ಬೆರಳುಗಳೂ ನುಣ್ಣಗೆ, ತೆಳ್ಳಗೆ, ಗುಲಾಬಿ ಬಣ್ಣಕ್ಕೆ ತಿರುಗಿದವು. ಬಿರುಕು ಒಂದೂ ಇಲ್ಲ. ನನ್ನ ಅಳುಕೆಲ್ಲ ಮಾಯವಾಯಿತು. "ನೋಡು, ಮಗುವಿನ ಬೆರಳು!" ಎಂದು ಗಿರಿಜಾಳ ಮುಂದೆ ಹಿಡಿದೆ. ಅತ್ತೆ ಲೋಟ ಎತ್ತಲು ಹೋಗಿ ಎರಡು ಸಲ ಜಾರಿಸಿದರು. ಬಿಸಿ ಕಾಫಿ ಮುಟ್ಟಲಾರದೆ ಸೆರಗಿನಲ್ಲಿ ಹಿಡಿದು ಕುಡಿದರು.

ಮಾರನೆಯ ದಿನವೇ ಮೂವರೂ ಮಧುವನಹಳ್ಳಿಗೆ ಹೊರಟೆವು. ರೇಷನ್ ಅಂಗಡಿಯ ಬಸವರಾಜು ನನ್ನನ್ನು ನೋಡಿ ಎದ್ದು ನಿಂತ. ಅಂಗಡಿ ಮುಂದೆ ಹತ್ತು ಹನ್ನೆರಡು ಜನ ಇದ್ದರು. ಇಷ್ಟು ಜನರೆದುರು ಯಶಸ್ಸು ಸಿಗುವುದು ನನ್ನ ಪುಣ್ಯವೆಂದುಕೊಂಡೆ.

"ಕೊಡಿ ಅತ್ತೆ, ಬಲಗೈ ಹೆಬ್ಬೆರಳು."

ಮಿಷನ್ ಕೆಂಪು ದೀಪ ಹೊತ್ತಿಸಿತು. ತೋರುಬೆರಳು ಇಟ್ಟರು, ಕೆಂಪು. ಮಧ್ಯದ್ದು, ಕೆಂಪು. ಬಸವರಾಜು ತನ್ನ ಅಂಗಿಯಲ್ಲಿ ಮಿಷನ್ನಿನ ಗಾಜು ಒರೆಸಿದ. ಆಮೇಲೆ ಅತ್ತೆಯ ಬೆರಳು ಒರೆಸಿದ. ಆಮೇಲೆ ಬೆರಳನ್ನು ಹತ್ತಿರ ಹಿಡಿದು ನೋಡಿದ.

"ಸಾ, ಓದ್ ಸಲ ಬಿರ್ಕಿನ್ ಮಧ್ಯ ಒಂದೆಲ್ಡು ಗೆರೆನಾದ್ರೂ ಇದ್ದೊ. ಈಗ ಯಾನೂ ಇಲ್ವಲ್ಲ ಸಾ. ಯಾನ್ ಮಾಡುದ್ರಿ?"

"ಹೊಸ ಚರ್ಮ ಬಸವರಾಜು. ಮಗುವಿನಂಥ ಚರ್ಮ."

"ಅದ್ಕೇಯ. ಅಯ್ದ್ ವರ್ಸದೊಳ್ಗಿನ್ ಮಕ್ಳಿಗೆ ತಂಬು ಇಲ್ಲ ಸಾ."

ಸಾಲಿನಲ್ಲಿದ್ದವರು ನಕ್ಕರು. ಈ ಸಲ ಅವರು ಯಾಕೆ ನಗುತ್ತಿದ್ದಾರೆಂದು ನನಗೆ ಗೊತ್ತಿತ್ತು. ಎಡಗೈಯ ಬೆರಳುಗಳನ್ನೂ ಇಡಿಸಿದೆ. ಕೆಂಪು, ಕೆಂಪು, ಕೆಂಪು. ಒಂಬತ್ತೂ ಮುಗಿದವು.

ಅತ್ತೆ ಪಕ್ಕದ ಅಕ್ಕಿ ಮೂಟೆಯ ಮೇಲೆ ಕೂತರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. "ಅಂಗಾರೆ ನನ್ ಎಸ್ರು ಓದಂಗೇಯಾ?" ಎಂದು ಬಸವರಾಜುವನ್ನು ಕೇಳಿದರು, ಸಣ್ಣ ದನಿಯಲ್ಲಿ. ಅವನು ತಲೆ ಕೆರೆದುಕೊಂಡ. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಬಿರುಕಿನ ನಡುವೆ ಒಂದೆರಡು ಗೆರೆ ಉಳಿಸಿಕೊಂಡಿದ್ದ ಮುದುಕಿಯನ್ನು ಕರೆದುಕೊಂಡು ಹೋಗಿ, ಅದನ್ನೂ ಸುಲಿದು ತಂದು ನಿಲ್ಲಿಸಿದ್ದೆ. "ತಪ್ಪಾಯ್ತು ಅತ್ತೆ" ಅಂದೆ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಗಿರಿಜಾ ಸಹ ಒಂದು ಕ್ಷಣ ತಬ್ಬಿಬ್ಬಾದಳು.

ಆಮೇಲೆ ಅವಳು ಹೇಳಿದಳು, "ಅವ್ವ, ಬಿಚ್ಚು."

ಅತ್ತೆ ಎಡಗೈಯ ಉಂಗುರದ ಬೆರಳಿನ ದಾರ ಬಿಚ್ಚಿ, ಪ್ಲಾಸ್ಟಿಕ್ ತೆಗೆದರು. ಒಳಗೆ ಗಾಯವೂ ಇಲ್ಲ, ಈಳಿಗೆ ಮಣೆಯ ಗುರುತೂ ಇಲ್ಲ. ಬೆರಳು ಮೆತ್ತಗೆ, ಎಣ್ಣೆ ಸವರಿದಂತೆ ಇತ್ತು. ಬಿರುಕು ಕೂಡಿಕೊಂಡು, ಸಣ್ಣ ಸಣ್ಣ ಗೆರೆ ಎದ್ದು ಕಾಣುತ್ತಿತ್ತು.

"ಏನಿದು?" ಅಂದೆ.

"ಬಿತ್ನೆಗೆ ಅಂತ ಒಂದ್ ಹಿಡಿ ತಗುದ್ ಮಡಗದೇ ಪೂರ್ತಿ ಯಾರಾದ್ರೂ ಕೊಡ್ತಾರಾ?" ಅಂದರು ಅತ್ತೆ. "ನೀವ್ ಅದ್ಯಾನೋ ಬಣ್ಣದ್ ಚೀಲ ತಂದ್ರಲ್ಲ, ಅವತ್ತೇ ಗಿರ್ಜಾ ಓಗಿ ಆ ಮೆಡಿಕಲ್ ಹುಡ್ಗಿತಾವ ಯೂರಿಯಾ ಮುಲಾಮು ತಂದ್ಲು. ದಿನಾ ಎಲ್ಡ್ ಸಲ ಅಚ್ಚಿ ಕಟ್ಟಿವ್ನಿ. ಇದ್ನಾದ್ರೂ ಮಿಷನ್ ತಕ್ಕತದೋ ಇಲ್ವೋ ಅಂತ ಎದ್ರಿಕೆ ಅಸ್ಟೇಯ."

"ಯೂರಿಯಾ ಅಂದಾಗ ನಿಮಗೆ ಅನುಮಾನ ಬರಲಿಲ್ವಾ?"

"ಯಾಕ್ ಬರ್ಬೇಕು? ಕಬ್ಗೆ ಆಕುದ್ರೆ ಕಬ್ಬು ಬತ್ತದ. ಬೆರ್ಳ್ಗೆ ಆಕುದ್ರೆ ಗೆರೆ ಬತ್ತದ."

ಇಬ್ಬರೂ ಪದ ಬಿಡಿಸಿದ್ದೆವು. ಇಬ್ಬರಿಗೂ ಸಿಕ್ಕಿದ್ದು ಗೊಬ್ಬರದ ಯೂರಿಯಾವೇ. ಅದರಿಂದ ನಾನು ಓಡಿಹೋದೆ, ಅವರು ಹಚ್ಚಿಕೊಂಡರು.

ಬೆರಳು ಗಾಜಿನ ಮೇಲೆ ಕೂತಿತು. ಮಿಷನ್ ಸ್ವಲ್ಪ ಹೊತ್ತು ಯೋಚಿಸಿತು. ಕೀಂಕ್ ಎಂದಿತು, ಹಸಿರು ದೀಪ ಬಂತು. ಬಸವರಾಜು ಪರದೆ ನೋಡಿ, ಸಾಲಿನವರಿಗೆಲ್ಲ ಕೇಳುವಂತೆ ಓದಿದ, "ಪುಟ್ಟತಾಯಮ್ಮ, ಆಯ್ತು."

ಅತ್ತೆ ಇನ್ನೊಂದು ಸಲ ಓದಿಸಿದರು. ಕಪ್ಪು ಕನ್ನಡಕ ಎತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಸಾಲಿನಲ್ಲಿದ್ದವರ ಕಡೆ ತಿರುಗಿ, "ನಾನ್ ಇವ್ನಿ ಕನ್ರಪ್ಪ" ಅಂದರು. ತನ್ನ ಅರ್ಜಿ ಹಿಡಿದು ಹಿಂದೆ ನಿಂತಿದ್ದ ಸಾಕಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮನೆಗೆ ಬಂದ ಮೇಲೆ ನಾನು ಬಹಳ ವಿನಯದಿಂದ ಇದ್ದೆ. ಬಸ್ಸಿನಲ್ಲಿ ಯಾರ ಚೀಟಿಯನ್ನೂ ಇಸಿದುಕೊಳ್ಳುವುದಿಲ್ಲ ಎಂದು ನಿರ್ಧರಿಸಿದೆ. ಅತ್ತೆಯ ಹೆಸರು ಉಳಿದಿತ್ತು, ಅಷ್ಟು ಸಾಕು ಎಂದು ನೆಮ್ಮದಿಯಾಗಿಯೂ ಇದ್ದೆ.

ಸೋಮವಾರ ದಸರಾ ರಜೆ ಮುಗಿದು ಸ್ಕೂಲು ಶುರುವಾಯಿತು. ನಮ್ಮಲ್ಲಿ ಮೇಷ್ಟ್ರುಗಳ ಹಾಜರಿಗೆ ಆಫೀಸಿನ ಬಾಗಿಲಲ್ಲಿ ಒಂದು ಮಿಷನ್ ಇದೆ. ಯಥಾಪ್ರಕಾರ ಬಲಗೈ ಹೆಬ್ಬೆರಳು ಇಟ್ಟೆ. ಕೆಂಪು. ಎಡಗೈಯದು ಇಟ್ಟೆ. ಕೆಂಪು. ಹೆಬ್ಬೆರಳು ತಿರುಗಿಸಿ ನೋಡಿಕೊಂಡೆ. ನುಣ್ಣಗೆ, ತೆಳ್ಳಗೆ, ಗುಲಾಬಿ ಬಣ್ಣಕ್ಕಿತ್ತು. ಆ ಮಿಷನ್ನಿಗೆ ನಾನು ಕೊಟ್ಟಿದ್ದದ್ದು ಆ ಎರಡು ಬೆರಳುಗಳ ಗುರುತು ಮಾತ್ರ.

ಹೆಡ್‌ಮೇಡಂ ಹೊರಗೆ ಬಂದರು. "ಏನ್ ಸರ್, ನೀವು ಬಂದಿರೋದು ನನಗೆ ಕಾಣಿಸ್ತಿದೆ. ಆದ್ರೆ ಮಿಷನ್ ಇಲ್ಲ ಅಂತಿದೆಯಲ್ಲ."

"ನಾನು ಇದ್ದೀನಿ ಮೇಡಂ" ಅಂದೆ.

"ಹಾಗಂತ ಒಂದು ಅರ್ಜಿ ಬರೆದುಕೊಡಿ. ಕಾರಣ ವಿವರವಾಗಿ ಇರಲಿ, ಮೇಲಿನವರಿಗೆ ಕಳಿಸಬೇಕು."

ಕಾರಣ ಬರೆಯಲು ಕೂತೆ. ಮೂರು ಸಲ ಬರೆದು ಹರಿದೆ. ನಾಲ್ಕನೆಯದನ್ನು ಮೇಡಂ ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದರು. ಓದಿ ಮುಗಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು, ನಡುನಡುವೆ ನೀರು ಕುಡಿಯಬೇಕಾಯಿತು. ಚರ್ಮ ಬಲಿಯುವ ತನಕ ಮೂರು ವಾರ ದಿನಕ್ಕೊಂದರಂತೆ ಆ ಅರ್ಜಿ ಬರೆದೆ. ಓದು ಬರಹ ಬಾರದವರನ್ನು ನಮ್ಮ ಕಡೆ ಹೆಬ್ಬೆಟ್ಟು ಅನ್ನುತ್ತಾರೆ. ಎಂ.ಎ. ಮಾಡಿದ ನಾನು, ಆ ಮೂರು ವಾರ, ಅದೂ ಆಗಿರಲಿಲ್ಲ.